ಕಡಿಮೆ ವೋಲ್ಟೇಜಿನ ಮನೆ

ನಮ್ಮ ಮನೆಯಲ್ಲಿ ಸಂಜೆ ದೀಪ ಹಾಕಿದರೆ ಕತ್ತಲೆ ಇನ್ನಷ್ಟು ಚೆನ್ನಾಗಿ ಕಾಣುತ್ತಿತ್ತು. ಹೊಲದ ಮೋಟರುಗಳು, ಹಿಟ್ಟಿನ ಗಿರಣಿ, ಊರೊಳಗಿನ ಅಂಗಡಿಸಾಲು ಎಲ್ಲವೂ ಅದೇ ಹೊತ್ತಿಗೆ ಕರೆಂಟಿಗೆ ಬಾಯಿ ಹಾಕುತ್ತಿದ್ದವು. ಲೈನಿನ ಕಟ್ಟಕಡೆಯ ಕಂಬ ನಮ್ಮದು. ಅಲ್ಲಿಗೆ ಬರುವಷ್ಟರಲ್ಲಿ ಕರೆಂಟಿನ ಕಸುವೆಲ್ಲ ಖರ್ಚಾಗಿರುತ್ತಿತ್ತು. ಬಲ್ಬಿನೊಳಗಿನ ತಂತಿ ಒಣಮೆಣಸಿನಕಾಯಿಯ ಬಣ್ಣಕ್ಕೆ ಬಂದು ಅಲ್ಲಿಗೇ ನಿಲ್ಲುತ್ತಿತ್ತು. ಬಲ್ಬು ಹತ್ತಿದೆಯೋ ಇಲ್ಲವೋ ನೋಡಲು ವೈನಿ ಚಿಮಣಿ ಹಿಡಿದುಕೊಂಡು ಬರುತ್ತಾಳೆ ಎಂದು ಕಾಕಾ ತನ್ನ ಅತ್ತಿಗೆಯನ್ನು, ಅಂದರೆ ನಮ್ಮ ಅವ್ವನನ್ನು, ಕಾಡಿಸುತ್ತಿದ್ದ. ಅವ್ವ ಕಾಕಾನನ್ನು ಬಿಟ್ಟು ಕರೆಂಟಿನವರನ್ನು ಬೈಯುತ್ತಿದ್ದಳು. ಅವಳ ಬೈಗುಳ ಮುಗಿಯುವ ಹೊತ್ತಿಗೆ ಅಡುಗೆಯೂ ಮುಗಿದಿರುತ್ತಿತ್ತು.

ನಾನು ಈಗ ಅದೇ ಮನೆಯ ಅದೇ ಪಡಸಾಲೆಯಲ್ಲಿ ಕೂತು ಗಿಟಾರು ನುಡಿಸುವವರಿಗೆ ಸಣ್ಣ ಡಬ್ಬಿಗಳನ್ನು ಮಾಡಿಕೊಡುತ್ತೇನೆ. ಕಾಲಿನಿಂದ ಒತ್ತಿದರೆ ಗಿಟಾರಿನ ದನಿ ಒಡೆದು, ಕಾದು, ಗದ್ಗದವಾಗಿ ಬರುವಂಥ ಡಬ್ಬಿ. ಹಿಂದಿನ ಕಾಲದ ವಾಲ್ವ್ ಆಂಪ್ಲಿಫಯರಿನ ಗುಂಡಿಯನ್ನು ಪೂರ್ತಿ ತಿರುವಿದಾಗ ಬರುತ್ತಿದ್ದ ದನಿ ಅದು. ವಾಲ್ವ್ ಇಲ್ಲದೆ, ಬರೀ ಟ್ರಾನ್ಸಿಸ್ಟರು ಡಯೋಡುಗಳಲ್ಲಿ ಅದನ್ನು ತರುವುದು ನನ್ನ ಕಸುಬು. ಪುಣೆಯಿಂದಲೋ ಶಿಲ್ಲಾಂಗಿನಿಂದಲೋ ಫೋನು ಮಾಡುವ ಹುಡುಗರು ಇದನ್ನೆಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ವೋಲ್ಟೇಜ್ ಇಲ್ಲದ ಮನೆಯಲ್ಲಿ ಎಂದರೆ ತಮಾಷೆ ಎಂದುಕೊಂಡು ನಗುತ್ತಾರೆ. ನಗಲಿ. ಆ ಮಂದ ಬೆಳಕಿಗೆ, ಅದರಡಿ ಕೂತು ಜಗಳವಾಡಿದ ನನ್ನವರಿಗೆ ನಾನು ಋಣಿ. ಇದನ್ನು ಅವರಿದ್ದಾಗ ಹೇಳಲಿಲ್ಲ. ನಮ್ಮ ಮನೆಯಲ್ಲಿ ಅಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ.

ಆಳಂದ ಮುಗಿದು ನಿಂಬರ್ಗಾದ ದಾರಿ ಶುರುವಾಗುವಲ್ಲಿ ಅಪ್ಪ ತನ್ನ ಕೈಯಿಂದಲೇ ಕಟ್ಟಿದ ಮನೆ ಇದು. ಅಪ್ಪ ಗೌಂಡಿ. ಊರವರ ಗೋಡೆ ಕಟ್ಟಿ ಉಳಿದ ಹೊತ್ತಿನಲ್ಲಿ, ಊರವರ ಗೋಡೆಗೆ ಹಾಕಿ ಉಳಿದ ಕಲ್ಲಿನಲ್ಲಿ ನಮ್ಮ ಗೋಡೆ ಎಬ್ಬಿಸಿದ್ದ. ಹಾಗಾಗಿ ಒಂದೊಂದು ಗೋಡೆಯ ಕಲ್ಲು ಒಂದೊಂದು ಜಾತಿ. ನಮ್ಮ ಮನೆಯಲ್ಲಿ ಜಾತಿಗೆ ಜಾಗ ಇದ್ದದ್ದು ಅಲ್ಲಿ ಮಾತ್ರ. ನೆಲಕ್ಕೆ ಫರಸಿಕಲ್ಲು ಹಾಸಿತ್ತು, ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ನೀರು ಚೆಲ್ಲಿಕೊಂಡು ಮಲಗುತ್ತಿದ್ದೆವು. ಹಿಂದೆ ಅಡುಗೆಮನೆ, ನಡುವೆ ಜೋಳದ ಚೀಲಗಳ ಕತ್ತಲೆ ಕೋಣೆ, ಮುಂದೆ ಪಡಸಾಲೆ. ಪಡಸಾಲೆಯ ಗೂಡಿನಲ್ಲಿ ಬುದ್ಧನ ಮೂರ್ತಿ. ರವಿವಾರ ಬೆಳಿಗ್ಗೆ ಅದರ ಮುಂದೆ ಎಲ್ಲರೂ ಕೂತು ವಂದನೆ ಹೇಳಬೇಕು, ಹೇಳದವರಿಗೆ ಅವ್ವ ಚಹಾ ಕೊಡುತ್ತಿರಲಿಲ್ಲ. ಬಲಕ್ಕೆ ಅಪ್ಪನ ಕರಣಿ, ಗುದ್ದಲಿ, ಸಿಮೆಂಟಿನ ಬುಟ್ಟಿ. ಎಡಕ್ಕೆ ಕಾಕಾನ ಮೇಜು. ಕಾಕಾ ಅಂದರೆ ಅಪ್ಪನ ತಮ್ಮ ಮಿಲಿಂದ, ಐಟಿಐ ಕಲಿತು ಮನೆಯಲ್ಲೇ ರೇಡಿಯೋ ರಿಪೇರಿ ಮಾಡುತ್ತಿದ್ದವ, ರೇಡಿಯೋಗಳ ಗದ್ದಲದಲ್ಲಿ ಮದುವೆಯಾಗುವುದನ್ನು ಮರೆತವ. ಅಕ್ಕ ಸುಜಾತಾ ಮತ್ತು ನಾನು ಅವನ ಮೇಜಿನ ಕೆಳಗೆ ಬಿದ್ದ ರೆಸಿಸ್ಟರುಗಳನ್ನು ಹೆಕ್ಕಿ, ಅವುಗಳ ಬಣ್ಣದ ಪಟ್ಟಿ ಓದುವುದನ್ನು ಕನ್ನಡ ಓದುವುದಕ್ಕಿಂತ ಮೊದಲೇ ಕಲಿತೆವು.

ಅಣ್ಣ ತಮ್ಮ ಇಬ್ಬರೂ ಒಂದೇ ಗಂಗಾಳದಲ್ಲಿ ಉಣ್ಣುವುದು ಅಜ್ಜಿ ಹಾಕಿಕೊಟ್ಟ ಪದ್ಧತಿ. ಅಜ್ಜಿ ಹೋದ ಮೇಲೂ ಅವ್ವ ಅದನ್ನು ಬಿಡಲಿಲ್ಲ. ಅಗಲವಾದ ಕಂಚಿನ ಗಂಗಾಳ, ನಡುವೆ ಗಟ್ಟಿ ತೊಗರಿಬೇಳೆ, ಅಂಚಿಗೆ ಪುಂಡಿಪಲ್ಯ, ಶೇಂಗಾ ಹಿಂಡಿ, ಎರಡೂ ಕಡೆ ಜೋಳದ ರೊಟ್ಟಿ. ಜಗಳವಾದ ದಿನವೂ ಗಂಗಾಳ ಒಂದೇ. ಅಂಥ ದಿನ ಅಪ್ಪ ತನ್ನ ಕಡೆಯಿಂದ, ಕಾಕಾ ತನ್ನ ಕಡೆಯಿಂದ ಉಣ್ಣುತ್ತ ಬಂದು ನಡುವೆ ಹೊಲದ ಬದುವಿನ ಹಾಗೆ ಬೇಳೆಯ ಒಂದು ದಿಣ್ಣೆ ಉಳಿಯುತ್ತಿತ್ತು. ಅದನ್ನು ದಾಟಿ ಯಾರೂ ಕೈ ಹಾಕುವಂತಿಲ್ಲ. ಆ ಬದುವಿನ ಅಗಲ ನೋಡಿಯೇ ಜಗಳ ಎಷ್ಟು ದೊಡ್ಡದೆಂದು ಅಕ್ಕ ಮತ್ತು ನಾನು ಅಂದಾಜು ಹಾಕುತ್ತಿದ್ದೆವು. ಉಳಿದ ಬೇಳೆ ನಮಗೇ ಬರುತ್ತಿದ್ದುದರಿಂದ ಅವರ ಜಗಳದ ಬಗ್ಗೆ ನಮಗೆ ಅಷ್ಟೇನೂ ಬೇಸರವಿರಲಿಲ್ಲ.

ಅಪ್ಪ ಬೆಂಜೋ ಬಾರಿಸುತ್ತಿದ್ದ. ಉದ್ದನೆಯ ಮರದ ಪೆಟ್ಟಿಗೆ, ಮೇಲೆ ತಂತಿಗಳು, ಎಡಗೈಯಿಂದ ಒತ್ತಲು ಟೈಪ್‌ರೈಟರಿನಲ್ಲಿರುವಂಥ ಗುಂಡಿಗಳು, ಬಲಗೈಯಲ್ಲಿ ಮೀಟುವ ಪ್ಲಾಸ್ಟಿಕ್ ಚೂರು. ನಮ್ಮ ಕಡೆಯ ಮದುವೆ ಮೆರವಣಿಗೆಗೆ ಅದಿಲ್ಲದೆ ಕಳೆ ಇಲ್ಲ. ಗೌಂಡಿ ಕೆಲಸವಿಲ್ಲದ ದಿನ ಅಪ್ಪ ಬೆಂಜೋ ಪಾರ್ಟಿಯ ಜೊತೆ ಆಳಂದದಿಂದ ಅಫಜಲಪುರ, ಜೇವರ್ಗಿಯವರೆಗೂ ಹೋಗುತ್ತಿದ್ದ. ಅವನು ಮಾತಿನ ಮನುಷ್ಯನಲ್ಲ. ಕಲ್ಲಿನ ಜೊತೆ ಇದ್ದೂ ಇದ್ದೂ ಕಲ್ಲೇ ಆಗಿದ್ದಾನೆ ಎಂದು ಅವ್ವ ಗೊಣಗುತ್ತಿದ್ದಳು. ನಮ್ಮನ್ನು ಎತ್ತಿ ಮುದ್ದಾಡಿದ್ದು ನನಗೆ ನೆನಪಿಲ್ಲ, ಹೊಡೆದದ್ದೂ ನೆನಪಿಲ್ಲ. ಅವನಿಗೆ ಸಿಟ್ಟು ಬಂದಿದೆಯೋ, ಹಿಗ್ಗಾಗಿದೆಯೋ, ಯಾರಾದರೂ ಕೆಲಸದಲ್ಲಿ ಚುಚ್ಚಿ ಮಾತಾಡಿದ್ದಾರೋ ತಿಳಿಯಬೇಕಾದರೆ, ಸಂಜೆ ಕೈಕಾಲು ತೊಳೆದು ಬೆಂಜೋ ತೊಡೆಯ ಮೇಲಿಟ್ಟುಕೊಳ್ಳುವವರೆಗೆ ಕಾಯಬೇಕಿತ್ತು. ಅಡುಗೆಮನೆಯಿಂದಲೇ ಅವ್ವ ಅದನ್ನು ಕೇಳಿ, ಇವತ್ತು ಖಾರ ಕಮ್ಮಿ ಹಾಕಬೇಕೋ ಹೆಚ್ಚು ಹಾಕಬೇಕೋ ತೀರ್ಮಾನ ಮಾಡುತ್ತಿದ್ದಳು.

ಬೆಂಜೋದ ವೈರು ಹೋಗಿ ಸೇರುತ್ತಿದ್ದದ್ದು ಒಂದು ವಾಲ್ವ್ ಸೆಟ್ಟಿಗೆ, ಅಂದರೆ ಹಳೆಯ ಆಂಪ್ಲಿಫಯರಿಗೆ. ಅಫಜಲಪುರದಲ್ಲಿ ಒಬ್ಬ ವ್ಯಾಪಾರಿಯ ಉಗ್ರಾಣ ಕಟ್ಟುವಾಗ ಮೂಲೆಯಲ್ಲಿ ಬಿದ್ದಿದ್ದ ಅದನ್ನು ಅವರು ಅಪ್ಪನಿಗೆ ಕೊಟ್ಟುಬಿಟ್ಟಿದ್ದರು. ಕಬ್ಬಿಣದ ಹಸಿರು ಪೆಟ್ಟಿಗೆ, ಒಳಗೆ ಗಾಜಿನ ಬುರುಡೆಗಳು. ಸ್ವಿಚ್ಚು ಹಾಕಿ ಕಾದರೆ ಅವು ನಿಧಾನವಾಗಿ ಕೆಂಪಗಾಗಿ, ಪೆಟ್ಟಿಗೆ ಬೆಚ್ಚಗಾಗಿ, ಆಮೇಲೆ ದನಿ. ಮಳೆಗಾಲದಲ್ಲಿ ಅವ್ವ ಅದರ ಮೇಲೆ ಕಡ್ಡಿಪೆಟ್ಟಿಗೆ ಇಟ್ಟು ಒಣಗಿಸುತ್ತಿದ್ದಳು. ಗುಂಡಿಯನ್ನು ಅರ್ಧ ತಿರುವಿದರೆ ಅಪ್ಪನ ಬೆಂಜೋ ಎಲ್ಲರ ಬೆಂಜೋದಂತೆ ಟಣಟಣ ಅನ್ನುತ್ತಿತ್ತು. ಪೂರ್ತಿ ತಿರುವಿದರೆ ದನಿಯ ಅಂಚು ಒಡೆಯುತ್ತಿತ್ತು. ಕೆಟ್ಟು ಒಡೆದಂತೆ ಅಲ್ಲ. ಅತ್ತು ಮುಗಿಸಿದವರು ಮಾತಾಡಿದಂತೆ. ತಂತಿಯನ್ನು ಬಿರುಸಾಗಿ ಮೀಟಿದರೆ ದನಿ ಮೊದಲು ಕೊಂಚ ಕುಗ್ಗಿ, ಉಸಿರು ತೆಗೆದುಕೊಂಡು, ಆಮೇಲೆ ಮೇಲೆದ್ದು ಬರುತ್ತಿತ್ತು. ಮೆರವಣಿಗೆಯಲ್ಲಿ ಕುಣಿಯುವವರು ಅಲ್ಲಿ ಕುಣಿತ ನಿಲ್ಲಿಸಿ ಸುಮ್ಮನೆ ನಿಂತುಬಿಡುತ್ತಿದ್ದರಂತೆ. ಅಪ್ಪನನ್ನು ಜನ ಕರೆಯುತ್ತಿದ್ದದ್ದು ಆ ದನಿಗಾಗಿಯೇ.

ಒಂದು ಬೇಸಿಗೆಯಲ್ಲಿ ಸೆಟ್ಟು ಸತ್ತಿತು. ಸುಟ್ಟ ವಾಸನೆ ಬಂತು, ಒಂದು ಬುರುಡೆಯ ತಲೆ ಸುಣ್ಣ ಬಳಿದಂತೆ ಬೆಳ್ಳಗಾಯಿತು. ಕಾಕಾ ಕಲಬುರಗಿಯ ಅಂಗಡಿಗಳನ್ನೆಲ್ಲ ತಿರುಗಿ ಬರಿಗೈಯಲ್ಲಿ ಬಂದ. ವಾಲ್ವ್ ಕೇಳುವವರೂ ಇಲ್ಲ, ಇಡುವವರೂ ಇಲ್ಲ ಅಂದರಂತೆ. ಕಾಕಾನಿಗೆ ಅದರಿಂದ ಅಷ್ಟೇನೂ ದುಃಖವಾದಂತೆ ಕಾಣಲಿಲ್ಲ. ಸೌಂಡು ಅಂದರೆ ಕನ್ನಡಿಯಂತೆ ಸ್ವಚ್ಛ ಇರಬೇಕು ಎಂಬುದು ಅವನ ನಂಬಿಕೆ. ಅಣ್ಣನ ಹಳೆಯ ಡಬ್ಬಿ ಅವನ ಪಾಲಿಗೆ ಶೀತ ಹಿಡಿದ ಮೂಗು. ಹುರುಪಿನಿಂದ ಕೂತು ಟ್ರಾನ್ಸಿಸ್ಟರಿನ ಹೊಸ ಸೆಟ್ಟು ಕಟ್ಟಿದ. ಮನೆಯ ಹಾಳು ವೋಲ್ಟೇಜ್ ಅದಕ್ಕೆ ತಾಗಬಾರದೆಂದು ಒಂದು ಸ್ಟೆಬಿಲೈಸರನ್ನೂ ತಂದ. ನಾವು ಮಂದ ಬಲ್ಬಿನಡಿ ಓದುತ್ತಿದ್ದರೆ ಆ ಸೆಟ್ಟು ಒಂದೇ ಪೂರ್ಣ ವೋಲ್ಟೇಜ್ ಉಣ್ಣುತ್ತಿತ್ತು.

ಅಪ್ಪ ಅದನ್ನು ಅಫಜಲಪುರದ ಒಂದು ಮದುವೆಗೆ ಒಯ್ದ. ಮೆರವಣಿಗೆ ಅರ್ಧ ದಾರಿಗೆ ಬಂದಾಗ ರೂಢಿಯಂತೆ ಗುಂಡಿ ಪೂರ್ತಿ ತಿರುವಿದರೆ ಭೋಂಗಾ ಸ್ಪೀಕರಿನಿಂದ ತಗಡು ಕೆರೆದ ಸದ್ದು ಬಂತು. ಇಳಿಸಿದ. ಸದ್ದು ಸ್ವಚ್ಛವಾಯಿತು, ಎಷ್ಟು ಸ್ವಚ್ಛವೆಂದರೆ ಬೆಂಜೋದ ಗುಂಡಿಗಳ ಕಟಕಟ ಕೂಡ ಊರಿಗೆಲ್ಲ ಕೇಳಿತು. ಕುಣಿಯುವವರು ಕುಣಿದರು, ಯಾರೂ ಎಲ್ಲಿಯೂ ನಿಲ್ಲಲಿಲ್ಲ. ಮನೆಗೆ ಬಂದ ಅಪ್ಪ ಬೆಂಜೋವನ್ನು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿದ. ಕಾಕಾ ಏನು ಕೆಟ್ಟಿದೆ ಹೇಳು, ಸರಿ ಮಾಡುತ್ತೇನೆ ಎಂದು ಬೆನ್ನು ಹತ್ತಿದ. ಸೀರೆಯ ಗಂಟು ಬಿಗಿದು ಅಪ್ಪ ಬಾಯಿ ಬಿಟ್ಟ.

"ನಿನ್ನ ಮಷೀನ್ ಬರೋಬರಿ ಅದ ಮಿಲಿಂದ. ಅದರಾಗ ನಾ ಇಲ್ಲ, ಅಷ್ಟೇ."

ಕಾಕಾನಿಗೆ ಇದು ಬೈಗುಳಕ್ಕಿಂತ ಜೋರಾಗಿ ತಾಗಿತು. ಆವತ್ತಿನಿಂದ ಗಂಗಾಳದಲ್ಲಿ ಬದು ಕಾಯಂ ಆಯಿತು. ನಮಗೆ ಬೇಳೆ ಸಿಕ್ಕಿತು, ಆದರೆ ಈ ಸಲ ಅದರಲ್ಲಿ ರುಚಿ ಇರಲಿಲ್ಲ. ಅಪ್ಪ ಮೊದಲೂ ಮಾತಾಡುತ್ತಿರಲಿಲ್ಲ ನಿಜ, ಆದರೆ ಮೊದಲು ಸಂಜೆಯಾದರೆ ಮನೆಯಲ್ಲಿ ಅಪ್ಪ ಇದ್ದಾನೆ ಅನ್ನಿಸುತ್ತಿತ್ತು. ಈಗ ಕೆಲಸದಿಂದ ಬಂದು ಕೈಕಾಲು ತೊಳೆದು ಗೋಡೆಗೆ ಒರಗಿ ಕೂರುತ್ತಿದ್ದ, ತಾನು ಕಟ್ಟಿದ ಗೋಡೆಯ ಇನ್ನೊಂದು ಕಲ್ಲಿನ ಹಾಗೆ. ಅವ್ವನ ಸಾರಿನಲ್ಲಿ ಖಾರದ ಅಂದಾಜು ತಪ್ಪಿತು. ನನಗೆ ನೆನಪಿರುವ ಬಾಲ್ಯದಲ್ಲಿ ಅತ್ಯಂತ ಉದ್ದದ ಕಾಲ ಅದು.

ಆಗ ಅಕ್ಕನಿಗೆ ಗಂಡು ಗೊತ್ತಾಯಿತು. ಜೇವರ್ಗಿ ತಾಲೂಕಿನ ಅಂದೋಲಾದ ಹತ್ತಿರದ ಹಳ್ಳಿ, ಹುಡುಗ ಬಸ್ಸಿನ ಕಂಡಕ್ಟರ್, ಒಳ್ಳೆಯ ಮನೆತನ. ಮದುವೆ ಅವರ ಊರಿನಲ್ಲೇ ಆಗಬೇಕು, ಬೆಂಜೋ ಪಾರ್ಟಿಯನ್ನು ತಾವೇ ಕರೆಸುತ್ತೇವೆ ಎಂದು ಬೀಗರು ಹೇಳಿ ಹೋದರು. ಅಕ್ಕ ಯಾವತ್ತೂ ಏನನ್ನೂ ಬೇಡಿದವಳಲ್ಲ. ಹಬ್ಬಕ್ಕೆ ಬಟ್ಟೆ ತಂದರೆ ಮೊದಲು ನನಗೆ ಆರಿಸಲು ಬಿಟ್ಟು ಉಳಿದದ್ದನ್ನು ಉಡುತ್ತಿದ್ದವಳು. ಅವಳು ಆ ಸಂಜೆ ಅಪ್ಪನ ಎದುರಿಗೆ ಬಂದು ನಿಂತಳು.

"ಅಪ್ಪಾ, ಬಾಡಿಗಿ ಬೆಂಜೋ ನಂಗ ಬ್ಯಾಡ. ನೀ ಬಾರಸು, ಇಲ್ಲಂದ್ರ ಸುಮ್ನ ವಂದನಾ ಹೇಳಿ ಮದಿವಿ ಮುಗಸ್ರಿ."

ಆ ಮಷೀನಿಗೆ ತನ್ನ ಕೈ ಏಳುವುದಿಲ್ಲ ಎಂದಷ್ಟೇ ಅಪ್ಪ ಹೇಳಿ ಹೊರಗೆ ಹೋದ. ಅಕ್ಕ ಜೋಳದ ಚೀಲದ ಕೋಣೆಗೆ ಹೋಗಿ ಅತ್ತಳು. ಅಪ್ಪ ತನ್ನ ಜೊತೆ ಮಾತಾಡದೇನೇ ತನ್ನನ್ನು ಕಳಿಸಿಬಿಡುತ್ತಾನೆ ಎಂದು ಬಿಕ್ಕುತ್ತ ಹೇಳಿದ್ದು ನಡುಗೋಡೆಯ ಈಚೆ ಕಾಕಾನಿಗೂ ಕೇಳಿತು. ಆ ರಾತ್ರಿ ಊಟಕ್ಕೆ ಕೂತಾಗ ಕಾಕಾ ಬೇಳೆಯ ಬದುವಿನ ಆಚೆಯಿಂದ, ತಲೆ ಎತ್ತದೆ ಮಾತು ತೆಗೆದ.

"ಅಣ್ಣಾ, ವಾಲ್ವ್ ತರೋದು ನನ್ನ ಕೈಲೆ ಆಗಂಗಿಲ್ಲ. ಅದರ ದನಿ ತರ್ತೇನಿ. ನೀ ಬರೇ ಕೇಳಿ ಹೌದು, ಇಲ್ಲ ಅನ್ನು."

ಅಪ್ಪ ಒಂದು ರೊಟ್ಟಿ ಮುರಿದು ಅರ್ಧವನ್ನು ತಮ್ಮನ ಕಡೆ ಇಟ್ಟ. ಮರುದಿನದಿಂದ ಪಡಸಾಲೆ ಕಾರ್ಖಾನೆಯಾಯಿತು. ಬೆಸುಗೆ ನನ್ನ ಪಾಲಿಗೆ ಬಂತು, ಕಾಕಾನ ಕಣ್ಣಿಗಿಂತ ನನ್ನ ಕಣ್ಣು ಚುರುಕು. ಬೆಸುಗೆಯ ಕಡ್ಡಿ ಸಂಜೆಯ ವೋಲ್ಟೇಜಿಗೆ ಬಿಸಿಯಾಗುತ್ತಿರಲಿಲ್ಲವಾದ್ದರಿಂದ ಶಾಲೆಗೆ ಹೋಗುವ ಮೊದಲೇ ಕೂರುತ್ತಿದ್ದೆ. ಕಾಕಾ ಫರಸಿಯ ಮೇಲೆ ಬಳಪದಿಂದ ಅಲೆ ಬರೆದು ತೋರಿಸಿದ. ಗುಂಡಿ ತಿರುವಿದಷ್ಟೂ ಅಲೆ ಎತ್ತರವಾಗುತ್ತದೆ; ಆದರೆ ಯಾವ ಸೆಟ್ಟಿಗೂ ತನ್ನದೊಂದು ಚಾವಣಿ ಇರುತ್ತದೆ. ಅಲೆ ಚಾವಣಿಗೆ ತಾಗಿದ ಕೂಡಲೇ ಟ್ರಾನ್ಸಿಸ್ಟರು ಅದರ ತಲೆಯನ್ನು ಕಚಕ್ಕನೆ ಕತ್ತರಿಸುತ್ತದೆ. ವಾಲ್ವ್ ಹಾಗಲ್ಲ, ಚಾವಣಿ ಹತ್ತಿರ ಬಂದಂತೆ ಮೆಲ್ಲಗೆ ಬಗ್ಗಿಸುತ್ತ ಹೋಗುತ್ತದೆ. ತಾಟಿನ ಅಂಚಿನಿಂದ ಕತ್ತರಿಸಿದ ರೊಟ್ಟಿಯೂ ದುಂಡಗಿರುತ್ತದೆ, ಅವ್ವ ತಟ್ಟಿದ ರೊಟ್ಟಿಯೂ ದುಂಡಗಿರುತ್ತದೆ. ಆದರೆ ತಟ್ಟಿದ ರೊಟ್ಟಿಯ ಅಂಚು ತೆಳ್ಳಗೆ ಇಳಿದು ಮುಗಿಯುತ್ತದೆ. ನಾನು ಇಷ್ಟು ವರ್ಷಗಳಲ್ಲಿ ಗ್ರಾಫು, ಗಣಿತ ಎಲ್ಲ ಓದಿದೆ, ಆದರೂ ಕೆಲಸ ಮಾಡುವಾಗ ಕಣ್ಣಿಗೆ ಬರುವುದು ರೊಟ್ಟಿಯೇ.

ಕಾಕಾ ಹಾಳಾದ ರೇಡಿಯೋಗಳ ಹೊಟ್ಟೆಯಿಂದ ಸಣ್ಣ ಗಾಜಿನ ಡಯೋಡುಗಳನ್ನು ತೆಗೆದ. ಜರ್ಮೇನಿಯಂನವು, ಈಗಿನ ಸಿಲಿಕಾನ್ ಡಯೋಡಿನಂತೆ ಬಿರುಸಾಗಿ ಕಡಿಯದೆ ಅಲೆಯ ತಲೆ ನೇವರಿಸುವಂಥವು. ಅವನ್ನು ಎದುರುಬದುರಾಗಿ, ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ಕೂರಿಸಿದೆವು, ಮೇಲಿನ ಅಲೆ ಮತ್ತು ಕೆಳಗಿನ ಅಲೆ ಒಂದೇ ಸಮ ಬಾಗಬಾರದೆಂದು. ರವಿವಾರ ವಂದನೆ ಮುಗಿದ ಮೇಲೆ ಅಪ್ಪ ಗೂಟದಿಂದ ಬೆಂಜೋ ಇಳಿಸಿ, ಒಲ್ಲದ ಮನಸ್ಸಿನಿಂದ ಮೀಟಿ, ಇಲ್ಲ ಎಂದು ಮತ್ತೆ ಸೀರೆಯಲ್ಲಿ ಸುತ್ತುತ್ತಿದ್ದ. ಪ್ರತಿ ರವಿವಾರ ಇಲ್ಲ. ಮದುವೆ ಹತ್ತಿರ ಬರುತ್ತಿತ್ತು, ಅಕ್ಕ ಬೇಳೆ ಹಸನು ಮಾಡುವ ನೆಪದಲ್ಲಿ ಅಲ್ಲೇ ಕೂತು ಅಪ್ಪನ ಮುಖ ನೋಡುತ್ತಿದ್ದಳು. ಕೊನೆಗೆ ಒಂದು ರವಿವಾರ ಅಪ್ಪ ಸುತ್ತುವ ಮೊದಲು ಸ್ವಲ್ಪ ತಡೆದ.

"ಅಳಾಕತ್ತದ, ಖರೆ ಉಸರ ತೊಗೊಳಂಗಿಲ್ಲ."

ಕಾಕಾನ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಬಿಚ್ಚಿದ ಸೆಟ್ಟನ್ನು ಮೊದಲೇ ನೇರ ಕರೆಂಟಿಗೆ ಕೊಡುವುದಿಲ್ಲ. ಒಂದು ಹಲಗೆಯ ಮೇಲೆ ಸಾದಾ ಬಲ್ಬು. ಕರೆಂಟು ಆ ಬಲ್ಬಿನೊಳಗೆ ಹಾದು ಸೆಟ್ಟಿಗೆ ಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಹೊತ್ತುತ್ತದೆ, ಸೆಟ್ಟು ಉಳಿಯುತ್ತದೆ. ಎಲ್ಲ ಸರಿಯಿದ್ದರೆ ಬಲ್ಬು ಮಿಣಿಮಿಣಿ. ಸೀರೀಸ್ ಬಲ್ಬು ಅನ್ನುತ್ತಾರೆ, ನಮ್ಮ ಕಡೆಯ ಯಾವ ರಿಪೇರಿ ಅಂಗಡಿಯಲ್ಲೂ ಅದು ಇದ್ದೇ ಇರುತ್ತದೆ. ಬಲ್ಬು ಪಾಸು ಮಾಡಿದ ಮೇಲೆ ಅದನ್ನು ಸರಿಸಿ, ಸೆಟ್ಟನ್ನು ಸ್ಟೆಬಿಲೈಸರಿಗೆ ಚುಚ್ಚಿ, ಆಮೇಲೇ ಅಪ್ಪನನ್ನು ಕರೆಯುವುದು. ಮುಂದಿನ ರವಿವಾರ ಕಾಕಾ ಸೆಟ್ಟನ್ನು ಬಲ್ಬಿಗೆ ಹಾಕಿದ್ದ ಹೊತ್ತಿಗೆ ಯಾರೋ ರೇಡಿಯೋ ಹಿಡಿದುಕೊಂಡು ಬಂದರು, ಅವನು ಬಾಗಿಲಿಗೆ ಹೋದ. ಅಪ್ಪ ಕಾಯಲಾರದೆ ಬೆಂಜೋದ ವೈರನ್ನು ಸೆಟ್ಟಿಗೆ ಚುಚ್ಚಿ ಮೀಟಿದ.

ದನಿ ಕುಗ್ಗಿತು, ಉಸಿರು ತೆಗೆದುಕೊಂಡಿತು, ಎದ್ದು ಬಂತು. ಅವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದಳು. ಅಪ್ಪ ತಲೆ ಎತ್ತದೆ ಬಾರಿಸುತ್ತಲೇ ಇದ್ದ, ಅಷ್ಟು ದಿನ ಒಳಗೇ ಇಟ್ಟುಕೊಂಡದ್ದನ್ನೆಲ್ಲ. ಓಡಿಬಂದ ಕಾಕಾ ಹಿಗ್ಗಿ ಹೀರೆಕಾಯಿಯಾದ. ಬಲ್ಬಿನ ಮೇಲೇ ಹೀಗಿದ್ದರೆ ಪೂರಾ ಕರೆಂಟು ಕೊಟ್ಟರೆ ಹೇಗಿರಬೇಡ ಎಂದು ಬಲ್ಬಿನಿಂದ ಕಿತ್ತು ಸ್ಟೆಬಿಲೈಸರಿಗೆ ಚುಚ್ಚಿದ. ಉಸಿರು ಹೋಯಿತು. ಬರೀ ಅಳು ಉಳಿಯಿತು, ನೇರ, ಚಪ್ಪಟೆ. ಡಯೋಡು ಸುಟ್ಟಿತೆಂದು ಕಾಕಾ ಬಿಚ್ಚಿ ಬದಲಾಯಿಸಿದ. ಇಲ್ಲ. ಬೆಸುಗೆ ಸಡಿಲವೆಂದು ನನ್ನನ್ನು ಗದರಿಸಿ ಎಲ್ಲವನ್ನೂ ಮತ್ತೆ ಬೆಸೆಸಿದ. ಇಲ್ಲ. ಪ್ರತಿ ಸಲವೂ ಬಲ್ಬಿಗೆ ಹಾಕಿ ಪಾಸು ನೋಡುತ್ತಿದ್ದ, ಬಲ್ಬು ತೆಗೆದು ಬೆಂಜೋ ನೋಡುತ್ತಿದ್ದ. ವೈದ್ಯ ನಾಡಿ ಹಿಡಿದ ಕೈಯನ್ನು ಯಾರಾದರೂ ಔಷಧಿ ಅಂದುಕೊಳ್ಳುತ್ತಾರೆಯೇ? ಬಲ್ಬಿನ ಮೇಲೆ ನಮಗ್ಯಾರಿಗೂ ಗುಮಾನಿ ಬರಲಿಲ್ಲ. ಸಿಕ್ಕಿದ್ದನ್ನು ನೀನು ಮುಟ್ಟಿ ಕಳೆದೆ ಎಂದು ಅಪ್ಪ ಅಂದ, ಕಾಕಾ ಊಟದ ನಡುವೆ ಕೈ ತೊಳೆದ. ಗಂಗಾಳದಲ್ಲಿ ಈ ಸಲ ಬದುವಲ್ಲ, ಗೋಡೆ.

ಅದನ್ನು ಒಡೆದದ್ದು ಅಕ್ಕನ ಬೇಳೆ. ಮೋಡ ಕವಿದ ಮಧ್ಯಾಹ್ನ, ಮದುವೆಯ ತೊಗರಿಬೇಳೆ ಮೊರದಲ್ಲಿ ಹಾಗೇ ಇತ್ತು, ಕಲ್ಲು ಯಾವುದು ಬೇಳೆ ಯಾವುದು ಕಾಣುತ್ತಿರಲಿಲ್ಲ. ಪಡಸಾಲೆಯ ದೀಪ ಸುಟ್ಟುಹೋಗಿತ್ತು, ಕಾಕಾನ ಹಲಗೆಯ ಬಲ್ಬೊಂದೇ ಗತಿ. ಹೇಗೂ ನಿಮ್ಮ ಕೆಲಸ ಕೆಟ್ಟಿದೆ, ಸೆಟ್ಟನ್ನು ಆ ಬಲ್ಬಿಗಾದರೂ ಹಾಕಿ, ಆವತ್ತು ಅಪ್ಪ ಬಾರಿಸುವಾಗ ಮೊರದ ಮೇಲೆ ಬೆಳಕು ಬಂದು ಹೋಗುತ್ತಿತ್ತು ಎಂದು ಅಕ್ಕ ಸಿಡುಕಿದಳು. ಮದುಮಗಳ ಮಾತು, ಕಾಕಾ ಬೇಸರದಿಂದಲೇ ಹಾಕಿಕೊಟ್ಟ. ಬಲ್ಬು ಮಿಣಿಮಿಣಿ ಅಂದಿತು. ಅಕ್ಕ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಜರಾ ಜೋರ್ ಬಾರಸು. ಬೆಳಕ ಬರ್ಲಿ."

ಬೆಳಕಿಗೋಸ್ಕರ ಅಪ್ಪ ಬಾರಿಸಿದ. ಬಿರುಸಾಗಿ ಮೀಟಿದಾಗ ಬಲ್ಬು ಭಗ್ಗನೆ ಹೊತ್ತಿತು, ಸೆಟ್ಟಿಗೆ ಹೋಗುವ ವೋಲ್ಟೇಜ್ ಕುಸಿಯಿತು, ದನಿ ಕುಗ್ಗಿತು. ಬಲ್ಬು ಇಳಿದಂತೆ ವೋಲ್ಟೇಜ್ ಮೇಲೆದ್ದಿತು, ಅದರ ಜೊತೆ ದನಿಯೂ. ಅದೇ ಉಸಿರು. ಕಾಕಾ ಬಲ್ಬು ನೋಡಿದ, ಸೆಟ್ಟು ನೋಡಿದ, ಸ್ಟೆಬಿಲೈಸರ್ ನೋಡಿದ, ಆಮೇಲೆ ಫರಸಿಯ ಮೇಲೆ ಕೂತು ನಗತೊಡಗಿದ, ಕಣ್ಣಲ್ಲಿ ನೀರು ಬರುವವರೆಗೆ. ಅಪ್ಪ ವಾಲ್ವ್ ಸೆಟ್ಟನ್ನು ಮನೆಯಲ್ಲಿ ಬಾರಿಸಿದ್ದೆಲ್ಲ ಸಂಜೆಯಲ್ಲಿ, ಊರೆಲ್ಲ ಕರೆಂಟು ಕುಡಿದು ನಮಗೆ ಬಸಿದು ಉಳಿಸಿದ ಹೊತ್ತಿನಲ್ಲಿ. ಹಳೆಯ ವಾಲ್ವುಗಳು ಮೊದಲೇ ಏದುಸಿರು ಬಿಡುವಂಥವು, ಅದರ ಮೇಲೆ ಲೈನಿನ ಕೊನೆಯ ಕಂಬ. ಬಿರುಸಾಗಿ ಮೀಟಿದರೆ ಅವು ಕುಸಿದು ಏಳುತ್ತಿದ್ದವು. ಮೆರವಣಿಗೆಯ ಸಣ್ಣ ಜನರೇಟರುಗಳೂ ಹಾಗೇ ಸೋಲುವಂಥವು; ದೊಡ್ಡ ಜನರೇಟರಿನ ಮೇಲೆ ಬಾರಿಸಿ ಬಂದಾಗಲೆಲ್ಲ ಅಪ್ಪ ಇವತ್ತು ಅಷ್ಟು ಚೆನ್ನಾಗಿ ಬರಲಿಲ್ಲ ಅನ್ನುತ್ತಿದ್ದದ್ದು ಆಗ ಎಲ್ಲರಿಗೂ ನೆನಪಾಯಿತು. ನಾವು ವಾಲ್ವಿನ ನಕಲು ಮಾಡುತ್ತ, ಅದು ಬದುಕಿದ್ದ ಬಡತನವನ್ನು ಸ್ಟೆಬಿಲೈಸರ್ ಹಾಕಿ ಹೊರಗಿಟ್ಟಿದ್ದೆವು. ವರ್ಷಗಟ್ಟಲೆ ಬೈದ ವೋಲ್ಟೇಜಿಗೆ ಅವ್ವ ಆ ಸಂಜೆ ಬೈಯಲಿಲ್ಲ. ಮಾರನೆಯ ದಿನದಿಂದ ಮತ್ತೆ ಶುರು ಮಾಡಿದಳು. ಗಂಗಾಳ ಮಾತ್ರ ಆ ದಿನ ಬರಿದಾಗಿ ಎದ್ದಿತು, ನಮಗೆ ಒಂದು ಚಮಚ ಬೇಳೆಯೂ ಉಳಿಯಲಿಲ್ಲ. ನಾನು ಈಗ ಮಾಡುವ ಪ್ರತಿ ಡಬ್ಬಿಯಲ್ಲೂ ಕರೆಂಟಿನ ದಾರಿಯಲ್ಲಿ ಒಂದು ಸಣ್ಣ ತಡೆ ಇರುತ್ತದೆ, ಬಿರುಸಾಗಿ ಮೀಟಿದವರ ದನಿ ಒಂದು ಕ್ಷಣ ಸೋತು ಏಳಲಿ ಎಂದು. ಅದರ ಗುಟ್ಟು ಕೇಳುವವರಿಗೆ ಹೇಳುತ್ತೇನೆ, ಹೇಳಬಾರದೆಂದು ಕಾಕಾ ಕಲಿಸಲಿಲ್ಲ.

ಮದುವೆಗೆ ಕಾಕಾ ಬಲ್ಬಿನ ಹೋಲ್ಡರನ್ನು ಸೆಟ್ಟಿನ ತಲೆಯ ಮೇಲೇ ಸ್ಕ್ರೂ ಹಾಕಿ ಕೂರಿಸಿದ. ಬೀಗರ ಊರಿನಲ್ಲಿ ದೊಡ್ಡ ಜನರೇಟರ್ ಇತ್ತು, ಪೂರ್ತಿ ವೋಲ್ಟೇಜ್. ಹಗಲು ಹೊತ್ತು ಬಲ್ಬು ಯಾಕೆ ಹಚ್ಚಿದ್ದೀರೆಂದು ಬೀಗರ ಕಡೆಯ ಒಬ್ಬರು ಚೇಷ್ಟೆ ಮಾಡಿದರೆ ಕಾಕಾ ಗಂಭೀರವಾಗಿ ಉತ್ತರ ಕೊಟ್ಟ.

"ಬೆಳಕಿಗಲ್ರಿ, ದನಿಗಿ."

ಅಕ್ಕ ಬಿಳಿ ಸೀರೆ ಉಟ್ಟಿದ್ದಳು. ವಂದನೆ ಆಯಿತು, ಹೂವು ಬಿತ್ತು, ಸಾಧು ಸಾಧು ಎಂದು ಪೆಂಡಾಲು ಮೂರು ಸಲ ಮೊಳಗಿತು. ಅಪ್ಪ ಬಾರಿಸಿದ. ಊಟಕ್ಕೆ ಹೊರಟವರು ತಿರುಗಿ ಬಂದು ನಿಂತರು. ಬೀಗರ ಊರಿನಲ್ಲಿ ಮದುವೆಯಾದರೆ ಹೆಣ್ಣು ಅಲ್ಲೇ ಉಳಿಯುತ್ತಾಳೆ, ಬಿಟ್ಟು ಹೊರಡಬೇಕಾದವರು ನಾವು. ಇಳಿಹೊತ್ತಿಗೆ ಟೆಂಪೋ ಪೆಂಡಾಲಿನ ಬಾಯಿಗೆ ಬಂತು. ಅವ್ವ ಅಕ್ಕನನ್ನು ತಬ್ಬಿಕೊಂಡು ಅತ್ತಳು, ನಾನು ಅತ್ತೆ, ಕಾಕಾ ಅವಳ ಕೈಗೆ ಒಂದು ಸಣ್ಣ ರೇಡಿಯೋ ಕೊಟ್ಟು ಮುಖ ತಿರುಗಿಸಿದ. ಅಪ್ಪ ಮಾತ್ರ ವೈರು ಸುತ್ತುತ್ತ ನಿಂತಿದ್ದ. ಅಕ್ಕ ಅವನೆದುರಿಗೆ ಬಂದಳು. ಅವನು ತಲೆಯ ಮೇಲೆ ಕೈ ಇಡಲಿಲ್ಲ, ವೈರಿನ ಕೊನೆಯ ಸುತ್ತನ್ನು ಬಿಗಿದ. ಕತ್ತಲಾಗುವ ಮೊದಲು ಜೇವರ್ಗಿ ದಾಟಬೇಕೆಂದು ಡ್ರೈವರ್ ಹಾರ್ನ್ ಹೊಡೆದ. ಅಪ್ಪನನ್ನು ಬಿಟ್ಟು ಎಲ್ಲರೂ ಹತ್ತಿದೆವು. ಅಪ್ಪ ಜೀವಮಾನದಲ್ಲಿ ಯಾರನ್ನೂ ಕಾಯಿಸಿದವನಲ್ಲ, ಕೆಲಸಕ್ಕೆ ಮಾಲೀಕರಿಗಿಂತ ಮೊದಲೇ ಹೋಗಿ ನಿಲ್ಲುವವ. ಅವನು ಸುತ್ತಿದ ವೈರನ್ನು ಮತ್ತೆ ಬಿಚ್ಚಿ ಸೆಟ್ಟಿಗೆ ಚುಚ್ಚಿದ. ನೆಲದ ಮೇಲೆ ಕೂತು ಬೆಂಜೋವನ್ನು ತೊಡೆಯ ಮೇಲಿಟ್ಟುಕೊಂಡು ಸೆಟ್ಟಿನ ಗುಂಡಿಯನ್ನು ಪೂರ್ತಿ ತಿರುವಿದ. ಡ್ರೈವರ್ ಇನ್ನೊಮ್ಮೆ ಹಾರ್ನ್ ಹೊಡೆದಾಗ ತಲೆ ಎತ್ತಿ ಅವನ ಕಡೆ ನೋಡಿದ.

"ಜರಾ ತಡೀರಿ. ಮಗಳ ಜೋಡಿ ನನ್ನ ಮಾತ್ ಇನ್ನ ಮುಗದಿಲ್ಲ."

ಡ್ರೈವರ್ ಇಂಜಿನ್ ಆರಿಸಿದ.